ಪ್ರಥಮದರ್ಶನಾನಂದ ಮೀಮಾಂಸೆ: ಟೋಕಿಯೋದಲ್ಲಿ ಇಳಿದ ಕನ್ನಡಿಗನನ್ನು ಕುರಿತ ಶಾಸ್ತ್ರವಿಚಾರ

ಪೀಠಿಕೆ

ಪರದೇಶದಲ್ಲಿ ಕಾಲಿಟ್ಟೊಡನೆ ಮನುಷ್ಯನ ತಲೆ ತಿರುಗುವ ವಿಷಯದಲ್ಲಿ ಪೂರ್ವಸೂರಿಗಳು ಕೈಯಾಡಿಸಿಲ್ಲವೆಂದಲ್ಲ. 1817ರಲ್ಲಿ ಫ್ಲಾರೆನ್ಸ್ ನೋಡಿ ಫ್ರೆಂಚ್ ಲೇಖಕ ಸ್ಟೆಂಡಾಲನ ಎದೆ ಡವಗುಟ್ಟಿತು. ಆ ಬೇನೆಗೆ ಮುಂದೆ ಅವನ ಹೆಸರೇ ನಿಂತಿತು. ಪ್ಯಾರಿಸ್ಸಿಗೆ ಹೋದ ಕೆಲವು ಜಪಾನೀಯರು ಕನಸಿನ ಪ್ಯಾರಿಸ್ ಸಿಕ್ಕದೆ ಹಾಸಿಗೆ ಹಿಡಿದಾಗ, ಅಲ್ಲೇ ಇದ್ದ ಮನೋವೈದ್ಯ ಹಿರೋಆಕಿ ಓತಾ ಅದಕ್ಕೆ ‘ಪ್ಯಾರಿಸ್ ಸಿಂಡ್ರೋಮ್’ ಎಂದು ನಾಮಕರಣ ಮಾಡಿದರು. ಆದರೆ ಅದೇ ಜಪಾನಿನಲ್ಲಿ ಇಳಿದ ಕನ್ನಡಿಗನಿಗೆ ತಗಲುವ, ನೋವಿಲ್ಲದ, ವಾಟ್ಸ್ಆ್ಯಪ್ ಮೂಲಕ ಬಂಧುಬಳಗಕ್ಕೆಲ್ಲ ಹರಡುವ ಉನ್ಮಾದವನ್ನು ಮಾತ್ರ ವಿದ್ವಾಂಸರು ಕಡೆಗಣಿಸಿದ್ದಾರೆ. ಈ ಕೊರತೆ ನೀಗಲೆಂದೇ ನಾವು ಲೇಖನಿ ಹಿಡಿದಿದ್ದೇವೆ. ಲೋಕ ಕೃತಜ್ಞವಾಗಿರಲೇಬೇಕೆಂಬ ಒತ್ತಾಯವಿಲ್ಲ.

ಲಕ್ಷಣ ಪ್ರಕರಣ

ಈ ಆನಂದ ತ್ರಿವಿಧ. ಮೊದಲನೆಯದು ಘಟಿಕಾನಂದ. ರೈಲು ಹೇಳಿದ ನಿಮಿಷಕ್ಕೆ ಬಂದು ನಿಂತರೆ ರೋಗಿ ಮೊದಲು ತನ್ನ ಕೈಗಡಿಯಾರವನ್ನು ಶಂಕಿಸುತ್ತಾನೆ, ಆಮೇಲೆ ರೈಲನ್ನು, ಕೊನೆಗೆ ತಾನು ಈವರೆಗೆ ಪ್ಲಾಟ್‌ಫಾರ್ಮುಗಳಲ್ಲಿ ಕಳೆದ ಆಯುಷ್ಯವನ್ನು. 2017ರಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ಸಿನ ಗಾಡಿಯೊಂದು 20 ಸೆಕೆಂಡು ಮುಂಚೆ ಹೊರಟದ್ದಕ್ಕೆ ಕಂಪನಿ ಸಾರ್ವಜನಿಕರ ಕ್ಷಮೆ ಕೇಳಿತೆಂಬ ವೃತ್ತಾಂತ ಕಿವಿಗೆ ಬಿದ್ದರಂತೂ ಗಂಟಲು ಕಟ್ಟುತ್ತದೆ. ಟೋಕಿಯೋ ನಿಲ್ದಾಣದಲ್ಲಿ ಏಳೇ ನಿಮಿಷದಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲಿನ ಬೋಗಿಗಳನ್ನು ಗುಡಿಸಿ, ಸೀಟು ತಿರುಗಿಸಿ, ಸಾಲಾಗಿ ನಿಂತು ತಲೆಬಾಗುವ ಸಿಬ್ಬಂದಿಗೆ ನಮ್ಮವನೂ ಬಾಗುತ್ತಾನೆ. ಯಾರು ಮೊದಲು ನೆಟ್ಟಗಾಗಬೇಕೆಂಬುದು ಶಾಸ್ತ್ರದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಎರಡನೆಯದು ಶೌಚಾನಂದ. ಟೋಟೋ ಕಂಪನಿ 1980ರಲ್ಲಿ ಮಾರುಕಟ್ಟೆಗೆ ಬಿಟ್ಟ ‘ವಾಶ್‌ಲೆಟ್’ ಇದರ ಮೂಲ. ಬೆಚ್ಚಗಿನ ಪೀಠ, ಗೋಡೆಯ ಮೇಲೆ ಗುಂಡಿಗಳ ಸಾಲು, ಒತ್ತಿದರೆ ಗುರಿ ತಪ್ಪದ ನೀರು. ಚೊಂಬಿನ ಪರಂಪರೆಗೆ ಕೊನೆಗೂ ಯಂತ್ರಲೋಕದ ಮನ್ನಣೆ ಸಿಕ್ಕಿತೆಂಬ ಹೆಮ್ಮೆಯಲ್ಲಿ ರೋಗಿ ಒಳಗೇ ಕುಳಿತುಬಿಡುತ್ತಾನೆ. ಹೊರಗೆ ಹೆಂಡತಿ, “ಏನ್ರೀ, ಇದ್ದೀರಾ?” ಎಂದು ಬಾಗಿಲು ಬಡಿಯುತ್ತಾಳೆ.

ಮೂರನೆಯದು ಅನ್ನಾನಂದ. ಅಂಗಡಿಯಲ್ಲಿ ಸಿಗುವ ತ್ರಿಕೋನಾಕಾರದ ಅನ್ನದ ಮುದ್ದೆ ಓನಿಗಿರಿಯ ಹೊದಿಕೆಯ ಮೇಲೆ 1, 2, 3 ಎಂದು ಅಚ್ಚಾಗಿರುತ್ತದೆ. 1ನ್ನು ಹಿಡಿದು ನಡುಮಧ್ಯೆ ಸೀಳಿ, 2 ಮತ್ತು 3ನ್ನು ಆಚೀಚೆ ಎಳೆಯಬೇಕು. ಆಗ ಪ್ಲಾಸ್ಟಿಕ್ಕಿನ ಎರಡು ಪದರಗಳ ನಡುವೆ ಗರಿಗರಿಯಾಗಿ ಕಾದಿದ್ದ ನೋರಿ ಎಂಬ ಕಡಲಪಾಚಿಯ ಹಾಳೆ ಅನ್ನವನ್ನು ಅಪ್ಪಿಕೊಳ್ಳುತ್ತದೆ. ಒಳಗೆ ಉಪ್ಪಲ್ಲಿ ಹಾಕಿದ ಉಮೆಬೋಶಿ ಹಣ್ಣು ಸಿಕ್ಕರೆ, ಅಪ್ಪೆಮಿಡಿಯ ದೂರದ ನೆಂಟನನ್ನು ಕಂಡಂತಾಗುತ್ತದೆ. ಹೊದಿಕೆ ಎಸೆಯೋಣವೆಂದರೆ ಕಸದ ಬುಟ್ಟಿಯಿಲ್ಲ. 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲದ ದಾಳಿ ನಡೆದ ಮೇಲೆ ಎಷ್ಟೋ ಕಡೆ ಬುಟ್ಟಿಗಳನ್ನೇ ಎತ್ತಿಬಿಟ್ಟರು. ರೋಗಿ ಹೊದಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋಟೆಲ್ಲಿನವರೆಗೆ ಒಯ್ಯುತ್ತಾನೆ. ಊರಲ್ಲಿ ಕಾರಿನ ಗಾಜು ಇಳಿಸಿ ಬಾಳೆಹಣ್ಣಿನ ಸಿಪ್ಪೆ ಬಿಸಾಡುವವನೂ ಈತನೇ ಎಂಬುದನ್ನು ಜಿಜ್ಞಾಸುಗಳು ಗುರುತು ಹಾಕಿಕೊಳ್ಳಬೇಕು.

ಪೂರ್ವಪಕ್ಷ

ಆನಂದ ಆ ನೆಲದ್ದೇ ಗುಣವೆಂದು ಒಂದು ಪಂಥ ವಾದಿಸುತ್ತದೆ. ಅದು ನಿಲ್ಲದು. ನೆಲದ ಗುಣವಾಗಿದ್ದರೆ ಯಾಮಾನೋತೆ ರೈಲು ಲೈನಿನಲ್ಲಿ ದಿನಾ ಓಡಾಡುವ ಟೋಕಿಯೋವಾಸಿ ಕುಣಿಯಬೇಕಿತ್ತು. ಅವನೋ ಕೈಪಟ್ಟಿಗೆ ಜೋತುಬಿದ್ದು ನಿಂತಲ್ಲೇ ನಿದ್ದೆ ಹೊಡೆಯುತ್ತಾನೆ. ಆನಂದ ಪ್ರವಾಸಿಯದೇ ಸ್ವಭಾವವೆಂಬುದು ಇನ್ನೊಂದು ಪಂಥ. ಹಾಗಿದ್ದರೆ ಅವನು ಮೆಜೆಸ್ಟಿಕ್ಕಿನಲ್ಲೂ ಕಣ್ಣರಳಿಸಬೇಕಿತ್ತು. ಅರಳಿಸಿದ ದಾಖಲೆಯಿಲ್ಲ.

ಸಿದ್ಧಾಂತ

ಆದ್ದರಿಂದ ಅರ್ಥವಾಗದಿರುವುದೇ ಆನಂದದ ಹೇತು. ಅವನು ಮೈಮರೆತು ಫೋಟೋ ತೆಗೆದ ಸುಂದರ ಲಿಪಿಯ ಫಲಕ ‘ಇಲ್ಲಿ ಸೈಕಲ್ ನಿಲ್ಲಿಸಬೇಡಿ’ ಎನ್ನುತ್ತಿರಬಹುದು. ಪ್ರಬಲ ಸಾಕ್ಷಿ ಮಿಸೋ ಸೂಪಿನದು. ಶಾಕಾಹಾರಿ ರೋಗಿ ಆಹಾ ಎಂದು ಇನ್ನೊಂದು ಬಟ್ಟಲು ಕೇಳುತ್ತಾನೆ. ಅದರ ರುಚಿಯಲ್ಲಿ ಸಾಮಾನ್ಯವಾಗಿ ಒಣಗಿಸಿದ ಕತ್ಸುಓ ಮೀನಿನ ಸಾರವೂ ಸೇರಿರುತ್ತದೆಂದು ಗೈಡ್ ಹೇಳಿದ ಕ್ಷಣ ಆನಂದ ಇಳಿಯುತ್ತದೆ, ಬ್ಯಾಗಿನಿಂದ ಗೊಜ್ಜವಲಕ್ಕಿಯ ಪೊಟ್ಟಣ ಹೊರಬರುತ್ತದೆ. ಸೂಪು ಅದೇ, ನಾಲಿಗೆ ಅದೇ. ಬದಲಾದದ್ದು ತಿಳಿವಳಿಕೆ ಮಾತ್ರ.

ವಿಲೋಮ ಪರೀಕ್ಷೆಯಲ್ಲೂ ಇದು ಗೆಲ್ಲುತ್ತದೆ. ಬೆಂಗಳೂರಿನ ಗಾಂಧಿಬಜಾರಿಗೆ ಬಂದ ಜಪಾನೀ ಪ್ರವಾಸಿಯನ್ನು ಗಮನಿಸಿ. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಸೇವಂತಿಗೆ ಮಾಲೆ ಹಿಡಿದು ಮೊಳ ಹಾಕುವುದನ್ನು ಅವನು ಉಸಿರು ಬಿಗಿಹಿಡಿದು ಚಿತ್ರೀಕರಿಸುತ್ತಾನೆ, ಬೆನ್ನ ಹಿಂದಿನ ಆಟೋ ಹಾರ್ನಿಗೂ ಮುಗುಳ್ನಗುತ್ತಾನೆ. ನಮ್ಮವನು ಪಕ್ಕದಲ್ಲೇ ನಿಂತು, “ಮೊಳ ಗಿಡ್ಡ ಹಾಕ್ತಿದ್ದೀಯಲ್ಲಮ್ಮ” ಎಂದು ಜಗಳಕ್ಕಿಳಿದಿರುತ್ತಾನೆ.

ಫಲಶ್ರುತಿ

ಈ ವ್ಯಾಧಿಗೆ ಖಚಿತ ಚಿಕಿತ್ಸೆ ಒಂದೇ: ಟೋಕಿಯೋದಲ್ಲಿ ಬಾಡಿಗೆ ಮನೆ ಹಿಡಿಯುವುದು. ಯಾವ ವಾರ ಯಾವ ಕಸ ಹೊರಗಿಡಬೇಕೆಂಬ ಪಟ್ಟಿ ಓದಲು ಬಂದ ದಿನ, ಮಾಲೀಕನಿಗೆ ಕೊಟ್ಟ ‘ರೇಯ್ಕಿನ್’ ಎಂಬ ಹಣ ನಮ್ಮೂರಿನ ಅಡ್ವಾನ್ಸಿನಂತೆ ವಾಪಸ್ ಬರುವುದಲ್ಲವೆಂದು ತಿಳಿದ ದಿನ, ರೋಗಿ ಪೂರ್ಣ ಗುಣಮುಖನಾಗಿ ರೈಲಿನಲ್ಲಿ ನಿದ್ದೆ ಹೊಡೆಯಲಾರಂಭಿಸುತ್ತಾನೆ. ಗುಣವಾಗುವುದು ಬೇಡವೆನ್ನುವ ಸಹೃದಯರು ದಯವಿಟ್ಟು ಜಪಾನೀ ಕಲಿಯುವ ಮೊದಲೇ ಊರಿಗೆ ಮರಳಿ.