ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆಗೀಬೇಡಿ

ಮಳೆ ಸ್ವಲ್ಪ ಹೊಳವಾಗಿದೆ, ಬೇಲಿ ಹತ್ತಿರ ಬನ್ನಿ, ಒಂದು ಮಾತು ಹೇಳ್ಬೇಕು. ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆ ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿತ್ತು ಅಂದ್ರೆ ಎರಡು ದಿನ, ಮೂರು ದಿನ ಕರೆಂಟಿಲ್ಲ. ಹಿಂದಿನವರಿಗೆ ಅದರ ಚಿಂತೆ ಇರಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಒಣಮೀನಲ್ಲೇ ಮಳೆಗಾಲ ಕಳೀತಿತ್ತು. ಈಗ ನೋಡಿ, ಫ್ರೀಜರಲ್ಲಿ ಕೋಳಿ, ಬಂಗುಡೆ. ಕೆಳಗೆ ಹಾಲು, ನಿನ್ನೆ ಸಾರು, ತುರಿದಿಟ್ಟ ಕಾಯಿ.

ಕರೆಂಟು ಹೋದ ಕೂಡಲೇ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇರಲಿ. ಆಗ ಫ್ರಿಜ್ಜು ಸುಮಾರು 4 ಗಂಟೆ ತಂಪು ಹಿಡಿದಿರುತ್ತೆ. ತುಂಬಿದ ಫ್ರೀಜರಾದ್ರೆ 48 ಗಂಟೆ, ಅರ್ಧ ತುಂಬಿದ್ರೆ 24. ಗಳಿಗೆಗೊಮ್ಮೆ ತೆಗೆದು ಇಣುಕಿದ್ರೆ ಈ ಲೆಕ್ಕ ನಡೆಯೋದಿಲ್ಲ. ಫ್ರೀಜರಿನ ಮೀನಿನ ಮೈಮೇಲೆ ಇನ್ನೂ ಮಂಜಿನ ಹರಳು ಕಾಣ್ತಿದ್ರೆ ಅವತ್ತೇ ಸಾರು ಮಾಡಿ ಮುಗಿಸಿ.

ನನಗೆ ಹೆಚ್ಚು ಭಯ ಅನ್ನದ್ದು. ಅನ್ನ ಚೆಲ್ಲೋಕೆ ನಮಗೆ ಕೈಯೇ ಬರೋದಿಲ್ಲ. ಮೂಸಿ ನೋಡ್ತೀವಿ, ಒಂದಗುಳು ಬಾಯಿಗೆ ಹಾಕ್ತೀವಿ, ಹಳಸಿಲ್ಲ ಅಂತ ಒಗ್ಗರಣೆ ಹಾಕಿ ಚಿತ್ರಾನ್ನ ಕಲಸ್ತೀವಿ. ಆದ್ರೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿ ಬೆಂದರೂ ಸಾಯೋದಿಲ್ಲ. ತಂಪು ತಪ್ಪಿದ ಅನ್ನದಲ್ಲಿ ಅದು ಬೆಳೆದು ಬಿಡೋ ವಿಷ ಒಗ್ಗರಣೆ ಕಾವಿಗೂ ಹೋಗೋದಿಲ್ಲ, ಮೂಗಿಗೂ ಸಿಗೋದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ಮಕ್ಕಳು, ಬಸುರಿಯರು, ವಯಸ್ಸಾದವರು ಇರೋ ಮನೆಯಲ್ಲಿ ಆ ಹಟ ಬೇಡ. 4 ಗಂಟೆ ದಾಟಿದ ಮೇಲೆ ಫ್ರಿಜ್ಜಿನಲ್ಲಿದ್ದ ಅನ್ನ, ಸಾರು, ಹಾಲು, ಮಾಂಸ ಗೊಬ್ಬರದ ಗುಂಡಿಗೆ ಹೋಗಲಿ. ಬೆಣ್ಣೆ, ಉಪ್ಪಿನಕಾಯಿಗೆ ಏನೂ ಆಗೋದಿಲ್ಲ.

ಮನೆಯಲ್ಲಿ ಇನ್ಸುಲಿನ್ ತಗೊಳ್ಳೋರಿದ್ರೆ ಸೀಸೆಯನ್ನು ಒಂದು ಕವರಲ್ಲಿ ಸುತ್ತಿ, ನೀರಿನ ಮಡಕೆ ಪಕ್ಕ ತಂಪಲ್ಲಿಡಿ. ಐಸಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಇನ್ನೊಂದು, ಬಟ್ಟೆ ಒಣಗಲಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಹಾಕಿ ಮಲಗೋದು. ಬೇಡವೇ ಬೇಡ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳೋದಿಲ್ಲ. ಜನರೇಟರಿನ ಹೊಗೆಯೂ ಅದೇ. ಜಗಲಿಯಲ್ಲಿ ಬೇಡ, ಕಿಟಕಿಯಿಂದ ಇಪ್ಪತ್ತಡಿ ದೂರ ಅಂಗಳದಲ್ಲಿಡಿ.

ಆ ಜನರೇಟರಿನ ವೈರನ್ನು ಮನೆ ಪ್ಲಗ್ಗಿಗೆ ನೇರ ಸಿಗಿಸೋರಿದ್ದಾರೆ. ಚೇಂಜ್ ಓವರ್ ಸ್ವಿಚ್ ಇಲ್ಲದೆ ಹಾಗೆ ಕೊಟ್ಟರೆ ಕರೆಂಟು ವಾಪಸ್ ಕಂಬಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿಗೆ ಏರುತ್ತೆ. ಅದೇ ಹೊತ್ತಿಗೆ, ಲೈನ್ ಸತ್ತಿದೆ ಅಂತ ನಂಬಿ, ಮಳೆಯಲ್ಲಿ ನೆನೆದ ಲೈನ್‌ಮ್ಯಾನ್ ಒಬ್ಬ ಆ ಕಂಬ ಹತ್ತಿರುತ್ತಾನೆ. ನಿಮ್ಮ ಮನೆಗೆ ಆ ಸ್ವಿಚ್ ಹಾಕಿಸಿಲ್ಲ ಅಂದ್ರೆ, ದಯವಿಟ್ಟು ಜನರೇಟರ್ ಸ್ಟಾರ್ಟ್ ಮಾಡಬೇಡಿ.