ಮಳೆಯ ಪುಟ ಸಾಕು

(ಹುದಿಕೇರಿ. ಕಣದಲ್ಲಿ ಕಾಫಿ ಹರಡುತ್ತಿರುವ ಸೋದರಮಾವ, ಪಕ್ಕದಲ್ಲಿ ಸೊಸೆ.)

ಮಾವ: ಒಂದೊಳ್ಳೆ ವಿಜ್ಞಾನ ಕಥೆ ಹೇಳು ಮಾರಾಯ್ತಿ. ಗಂಡಸರು ಮಂಗಳಕ್ಕೆ ಹೋಗಬೇಕು, ಹೆಂಗಸರು ರಾಕೆಟ್ಟಿನಲ್ಲಿ ಕಾಫಿ ಕಾಸಬೇಕು.

ಸೊಸೆ: ರೊಕೆಯಾ ಹುಸೇನ್ ಬರೆದ ‘ಸುಲ್ತಾನಾಸ್ ಡ್ರೀಮ್’ ಓದಿ ಮಾವ. 1905ರಲ್ಲೇ ಮದ್ರಾಸಿನ ಪತ್ರಿಕೆಯಲ್ಲಿ ಬಂದದ್ದು. ಅಲ್ಲಿ ಗಂಡಸರು ಮನೆಯೊಳಗೆ. ಹೆಂಗಸರು ಕಚೇರಿ ಕೆಲಸ ಎರಡೇ ಗಂಟೆಯಲ್ಲಿ ಮುಗಿಸ್ತಾರೆ.

ಮಾವ: ಇದು ಅನ್ಯಾಯ! ನಮ್ಮಲ್ಲಿ ನೋಡು, ಎಲ್ಲರೂ ಸಮಾನರು. ಕಾಫಿ ಕುಯ್ಯೋದು ಹೆಂಗಸರು, ಲೆಕ್ಕ ಬರೆಯೋದು ನಾನು.

ಸೊಸೆ: ಅವರು ಬಲೂನು ಹಾರಿಸಿ ಆಕಾಶದಿಂದಲೇ ನೀರು ಇಳಿಸಿಕೊಳ್ತಾರೆ.

ಮಾವ: (ಕೈ ನಿಲ್ಲಿಸಿ) ಮಾರ್ಚಿನಲ್ಲಿ ಕಾಫಿ ಹೂ ಅರಳಿಸೋ ಹೂಮಳೆಗೂ ಆಗುತ್ತಾ?

ಸೊಸೆ: ಬೇಕಾದಷ್ಟು.

ಮಾವ: ಭಾರಿ ಪುಸ್ತಕ! ಬೆಳೆಗಾರರಿಗೆಲ್ಲ ಹೇಳ್ತೇನೆ. ಆದರೆ ಇಡೀ ಪುಸ್ತಕ ತರಬೇಡ, ನಿಮ್ಮತ್ತೆ ಓದಿಬಿಟ್ಟಾಳು. ಮಳೆಯ ಪುಟ ಮಾತ್ರ ಜೆರಾಕ್ಸ್ ಮಾಡಿಸು.