ಸೆನ್ಸಾರ್ ಹೋಗೈತಣ್ಣಾ!

ಮೊಳಕಾಲ್ಮೂರಿನ ಏಪ್ರಿಲ್ ಬಿಸಿಲಲ್ಲಿ ಹಳೇ ಮಾರುತಿ ಜಟಿಂಗ ರಾಮೇಶ್ವರ ಬೆಟ್ಟದ ಬುಡಕ್ಕೆ ಬಂದು ಬುಸುಗುಟ್ಟಿದರೆ, ಬಾನೆಟ್ ಎತ್ತುವಷ್ಟರಲ್ಲಿ ಸುತ್ತ ಪಂಡಿತರು ಹುಟ್ಟಿಕೊಳ್ಳುತ್ತಾರೆ. "ಸೆನ್ಸಾರ್ ಹೋಗೈತಣ್ಣಾ!" ಯಾವುದಪ್ಪಾ ಅಂದರೆ ಬೆರಳು ಇಡೀ ಎಂಜಿನ್ನಿಗೆ ಪ್ರದಕ್ಷಿಣೆ ಹಾಕುತ್ತದೆ.

ಥರ್ಮೋಸ್ಟಾಟ್ ಪಕ್ಕದಲ್ಲಿ ಒಂಟಿ ವೈರು ಕಟ್ಟಿಕೊಂಡು ಕೂತಿರುವುದು ಸಾಮಾನ್ಯವಾಗಿ ಮೀಟರಿನ ಮುಳ್ಳಿಗೆ ಚಾಡಿ ಹೇಳುವ ಸೆನ್ಸಾರು. ಬಿಸಿ ಏರಿದಷ್ಟೂ ಅದರ ರೋಧ ಇಳಿಯುತ್ತದೆ, ಮುಳ್ಳು ಏರುತ್ತದೆ. ರೇಡಿಯೇಟರಿಗೆ ಕಚ್ಚಿಕೊಂಡ ಎರಡು ವೈರಿನದು ಹೆಚ್ಚಾಗಿ ಫ್ಯಾನ್ ಸ್ವಿಚ್ಚು. ಅದಕ್ಕೆ ಚಾಡಿಯ ಚಟವಿಲ್ಲ. ನೀರು 90 ಡಿಗ್ರಿ ದಾಟಿ ಒಂದಿಷ್ಟು ಮೇಲೇರಿದರೆ ಆನ್, ಇಳಿದರೆ ಆಫ್. ಕೀಲಿ ಆನ್ ಮಾಡಿ, ಕೈಯನ್ನು ರೆಕ್ಕೆಯಿಂದ ದೂರವಿಟ್ಟು, ಕಿತ್ತ ಆ ಎರಡು ವೈರು ಜೋಡಿಸಿದಾಗ ಫ್ಯಾನ್ ತಿರುಗಿದರೆ ಮೋಟಾರು ನಿರಪರಾಧಿ, ಸ್ವಿಚ್ಚೇ ಕಳ್ಳ. ಇಂಜೆಕ್ಷನ್ ಕಾರಾದರೆ ಕಂಪ್ಯೂಟರಿಗೆ ವರದಿ ಒಪ್ಪಿಸುವ ಇನ್ನೊಂದು ಸೆನ್ಸಾರೂ ಇರುತ್ತದೆ. ಪಂಡಿತರು ಅದನ್ನೇ ಮೊದಲು ಕೀಳುವುದು.

ವೈರಿನ ಬಣ್ಣ ನೋಡಿ ಗುರುತಿಸೋಣವೆಂದರೆ ಎಲ್ಲವೂ ಗ್ರೀಸಿನ ಬಣ್ಣ. ಬೆಟ್ಟದ ಮೇಲಿನ ಸವೆದ ಅಶೋಕನ ಶಾಸನವನ್ನು 1892ರಲ್ಲಿ ಪತ್ತೆಮಾಡಿದ ಬಿ. ಎಲ್. ರೈಸ್ ಸಾಹೇಬರೂ ಇಲ್ಲಿ ಕನ್ನಡಕ ಒರೆಸಿಕೊಳ್ಳಬೇಕಾಗುತ್ತಿತ್ತು.

ಹಳೇ ಅಂಬಾಸಡರಿನ ಮಾವ ಮಾತ್ರ ಮೀಸೆಯಲ್ಲೇ ನಗುತ್ತಾರೆ. ಅವರ ಫ್ಯಾನು ಬೆಲ್ಟಿಗೆ ಕಟ್ಟಿದ್ದು. ಎಂಜಿನ್ ತಿರುಗಿದರೆ ಅದೂ ತಿರುಗಲೇಬೇಕು, ಸ್ವಿಚ್ಚಿನ ಅಪ್ಪಣೆ ಬೇಕಿಲ್ಲ. "ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ ಅಳಿಯಾ, ಮುಖ ಸುಟ್ಟೀತು. ಮೆಟ್ಲು ಹತ್ತಿ ರಾಮೇಶ್ವರನ್ನ ನೋಡ್ಕಂಡು ಬಾ, ಅಷ್ಟ್ರಲ್ಲಿ ತಣ್ಣಗಾಗಿರ್ತೈತೆ."